ಕೊಪ್ಪದಲ್ಲಿ ತೀರಿಕೊಂಡ ಇಂಗ್ಲೆಂಡಿನ ಗಾಯಕಿ

ನನ್ನ ಬೀಗರು ಶಿವನಸಮುದ್ರದವರು. ಅವರು ಹುಡುಗರಾಗಿದ್ದಾಗ ಅಲ್ಲಿನ ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿನ ರೇಡಿಯೋದಲ್ಲಿ ಕೇಳಿದ್ದ ಇಂಗ್ಲೆಂಡಿನ ಒಬ್ಬ ಗಾಯಕಿ ಎಂದರೆ ಅವರಿಗೆ ಈಗಲೂ ಪ್ರಾಣ. ಮಗಳ ಮದುವೆ ಮುಗಿದು ಮದ್ದೂರು ಕಡೆಯ ಕೊಪ್ಪದ ನಮ್ಮ ಮನೆಯಲ್ಲಿ ಬೀಗರ ಊಟ ಇಟ್ಟುಕೊಂಡಾಗ, ಆ ಗಾಯಕಿಯ ಫ್ಲೆಕ್ಸನ್ನು ಬಾಗಿಲಲ್ಲೇ ಕಟ್ಟಿಸಿ ಅವರ ಮನಸ್ಸು ಗೆದ್ದುಬಿಡುತ್ತೇನೆ ಎಂದು ತೀರ್ಮಾನಿಸಿದೆ.

"ಒಟ್ಟೆ ತುಂಬ ಬಾಡು ಬಡ್ಸುದ್ರೆ ಸಾಕು ಕಣ್ರೀ. ಆ ಯಮ್ಮನ್ನ ಯಾಕೆ ಎಳ್ಕಬತ್ತೀರಿ?" ಎಂದಳು ಹೆಂಡತಿ.

"ನಿಂಗೆ ಗೊತ್ತಾಗಕಿಲ್ಲ, ಬುಡು," ಎಂದೆ. ಮಗಳು ಹೊಸ ಮನೆಯಲ್ಲಿ ತಲೆ ಎತ್ತಿಕೊಂಡು ಓಡಾಡಬೇಕಲ್ಲ. ಆ ಚಿಂತೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ.

ಮದ್ದೂರಿನ ಫ್ಲೆಕ್ಸ್ ಅಂಗಡಿಯವನಿಗೆ ಗಾಯಕಿಯ ಕಪ್ಪುಬಿಳುಪು ಫೋಟೋ ಮತ್ತು ಕೈಮುಗಿದು ನಿಂತ ನನ್ನ ಫೋಟೋ ಕೊಟ್ಟು, ಆಕೆಯ ಚರಿತ್ರೆ ಹೇಳಿದೆ. ಅರವತ್ತರ ದಶಕದಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ಒಂದೇ ಹಾಡಿಗೆ ಮನೆಮಾತಾದಳು. ಆಕೆಯ ಹಾಗೆ ಕೂದಲು ಕತ್ತರಿಸಿಕೊಳ್ಳಲು ಹುಡುಗಿಯರು ಸಾಲು ನಿಂತರು. ಆಮೇಲೆ ಉದ್ದ ಕೂದಲಿನ ಗಿಟಾರಿನವರು ಬಂದರು, ಈಕೆಯ ರೆಕಾರ್ಡು ಕೊಳ್ಳುವವರೇ ಇಲ್ಲವಾದರು. ಹೋಟೆಲುಗಳಲ್ಲಿ ಹಾಡಿ, ಕೊನೆಗೆ ಹಾಡುವುದನ್ನೇ ಬಿಟ್ಟಳು. ಹೇಳುತ್ತ ಹೇಳುತ್ತ ಟವೆಲಿನಲ್ಲಿ ಕಣ್ಣೊರೆಸಿಕೊಂಡೆ.

"ಪಾಪ, ಒಳ್ಳೆ ಎಣ್ಮಗಳು," ಎಂದ ಅವನು. "ನೀವು ಓಗಿ ಸಾ. ನೀಟಾಗಿ ಮಾಡಿ, ನಾನೇ ಬಂದು ಕಟ್ಟುಸ್ತೀನಿ."

ಕಟ್ಟಿಸಿದ. ನಾನು ಹಿತ್ತಲಲ್ಲಿ ಮಾಂಸ ಬೇಯಿಸುತ್ತಿದ್ದ ಅಡುಗೆಯವರ ಉಸ್ತುವಾರಿಯಲ್ಲಿದ್ದೆ. ಬೀಗರ ಬಸ್ಸು ನಿಂತ ಸದ್ದಾಯಿತು, ಹಿಂದೆಯೇ ಹೆಂಗಸರು ಅಳುವ ಸದ್ದು. ಬಾಗಿಲಿಗೆ ಓಡಿದೆ.

ಗಾಯಕಿಯ ಕೊರಳಿಗೆ ಹಾರ. ಎರಡೂ ಕಡೆ ದೀಪ. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗೆ ದುಃಖತಪ್ತನಾದ ನಾನು! ನಮ್ಮ ಕಡೆ ಫ್ಲೆಕ್ಸಿನಲ್ಲಿ ಕಪ್ಪುಬಿಳುಪು ಮುಖ ಬಂದರೆ ಅರ್ಥ ಒಂದೇ. ಕತೆಯ ಭರದಲ್ಲಿ, ಇದು ಬೀಗರ ಸ್ವಾಗತಕ್ಕೆ ಎಂದು ಹೇಳುವುದನ್ನೇ ನಾನು ಮರೆತಿದ್ದೆ. ಹೆಂಗಸರು ಸತ್ತವರು ಯಾರೆಂದು ತಿಳಿಯದೆ ಮರ್ಯಾದೆಗೆ ಅಳುತ್ತಿದ್ದರು.

ಬೀಗರು ಚಪ್ಪಲಿ ಬಿಟ್ಟು ಫ್ಲೆಕ್ಸಿನ ಮುಂದೆ ನಿಂತಿದ್ದರು. "ಯಾವಾಗ ಓದ್ರು ಬೀಗ್ರೇ?"

ನಿಜ ಹೇಳಬಹುದಿತ್ತು. "ನೆನ್ನೆ," ಎಂದುಬಿಟ್ಟೆ.

"ಅಂಗಾರೆ ಇವತ್ತು ನಂಗೆ ಬಾಡು ಬ್ಯಾಡ."

ಹಿರಿಯರೇ ಬೇಡವೆಂದ ಮೇಲೆ ಬಸ್ಸಿನವರೆಲ್ಲ ಬೇಡವೆಂದರು. ಯಾರೋ ಮೊಸರನ್ನ ಇದೆಯಾ ಎಂದು ವಿಚಾರಿಸಿದರು. ಹಿತ್ತಲಲ್ಲಿ ಕುದಿಯುತ್ತಿದ್ದ ಬಾಡಿನ ಸಾರು ನೆನೆದು ನನಗೆ ಅಳುವೇ ಬಂತು. ಅದನ್ನು ಕಂಡು ಬೀಗರು, "ನಿಮ್ಗೂ ಆ ಯಮ್ಮ ಅಂದ್ರೆ ಇಷ್ಟೊಂದು ಪ್ರೀತಿನಾ," ಎಂದು ತಬ್ಬಿಕೊಂಡರು.

ಕೊನೆಗೆ ಮಗಳು ಫೋನು ಹಿಡಿದು ಬಂದಳು. "ಮಾವ, ಇದು ಇವತ್ತು ಬೆಳಿಗ್ಗೆ ಅವ್ರೇ ಆಕಿರೋ ವಿಡಿಯೋ." ಗಾಯಕಿ ಗುಲಾಬಿ ಗಿಡಕ್ಕೆ ನೀರು ಬಿಡುತ್ತ ನಗುತ್ತಿದ್ದಳು. ಬೀಗರು ಆಕೆಯನ್ನು ನೋಡಿದರು. ನನ್ನನ್ನು ನೋಡಿದರು. "ಬಡ್ಸಿ," ಎಂದರು.

ಎಲ್ಲರೂ ಹೊಟ್ಟೆ ಬಿರಿಯುವಷ್ಟು ಉಂಡರು. ಮಗಳ ಮರ್ಯಾದೆ ಉಳಿಯಿತು. ನನ್ನದನ್ನು ಯಾರೂ ವಿಚಾರಿಸಲಿಲ್ಲ.

ಹೋದ ತಿಂಗಳು ಹನಕೆರೆಯಲ್ಲಿ ನನ್ನ ಸೋದರಮಾವ ನಿಜವಾಗಿಯೂ ತೀರಿಕೊಂಡರು. ಬಿಕ್ಕುತ್ತ ಬೀಗರಿಗೆ ಫೋನು ಮಾಡಿ ತಿಳಿಸಿದೆ.

"ಫೋನು ಒಸಿ ನಿಮ್ಮ ಮನೆಯೋರ ಕೈಗೆ ಕೊಡಿ ಬೀಗ್ರೇ," ಎಂದರು. "ಅವ್ರನ್ನ ಒಂದ್ ಮಾತು ಕೇಳ್ಕತೀನಿ."