ಬೊಂಬಾಯಿ ಮಾವನ ಇಸ್ಪೀಟಿಗೆ ಬಾಲಬೋಧೆ

ಪುಸ್ತಕದ ಅಂಗಡಿಗೆ ಜನ ಪುಸ್ತಕಕ್ಕೆ ಬರುತ್ತಾರೆಂದು ನೀವು ತಿಳಿದಿದ್ದರೆ ಅದು ತಪ್ಪು. ಅವರಿಗೆ ಬೇಕಾದದ್ದು ಧೈರ್ಯ. ಬದಿಯಡ್ಕದಲ್ಲಿ ನಾನು ಸ್ಲೇಟು, ಪಾಠಪುಸ್ತಕ, ಪಂಚಾಂಗ ಇಟ್ಟುಕೊಂಡು ಕೂತಿದ್ದ ಕಾಲದಲ್ಲಿ ಒಬ್ಬರು ಕೊಂಡುಹೋದ ಪಂಚಾಂಗವನ್ನು ಮರುದಿನವೇ ವಾಪಸು ತಂದು, "ಇದರಲ್ಲಿ ನಾಳೆ ಪ್ರಯಾಣ ಆಗ್ಲಿಕ್ಕಿಲ್ಲ ಅಂತ ಉಂಟು. ಆಗುವಂಥದ್ದು ಬೇರೆ ಉಂಟಾ?" ಎಂದು ಕೇಳಿದ್ದರು. ನನ್ನಂಥ ಪುಕ್ಕಲನನ್ನೇ ಹುಡುಕಿಕೊಂಡು ಇಂಥವು ಬರುತ್ತಿದ್ದವು. ಆದರೆ ಬೊಂಬಾಯಿ ಮಾವ ಬಂದ ವರ್ಷದ ನವರಾತ್ರಿಯಲ್ಲಿ ಬೆವರಿದಷ್ಟು ನಾನು ಇನ್ನೆಂದೂ ಬೆವರಿಲ್ಲ.

ಒಂದನೆಯ ಪಾಠದಿಂದ

ಬೊಂಬಾಯಿ ಮಾವ ಅಂದರೆ ಸೀತಾಂಗೋಳಿ ಶಾಲೆಯ ಟೀಚರ ಸೋದರಮಾವ. ಸೋದರಮಾವನೇ ಯಜಮಾನನಾಗುವ ಅಳಿಯಸಂತಾನದ ಮನೆ, ಹಾಗಾಗಿ ಅಲ್ಲಿ ಅವರು ಹೇಳಿದ್ದೇ ಕಾಯಿದೆ. ಬೊಂಬಾಯಿಯಲ್ಲಿ ಒಬ್ಬ ದೊರೆಯ ಮನೆಯಲ್ಲಿ ಬಟ್ಲರ್ ಆಗಿದ್ದವರು. ದೊರೆ ದೇಶ ಬಿಟ್ಟು ಹಡಗು ಹತ್ತುವಾಗ ದೊರೆಸಾನಿ ಇವರ ಕೈಗೆ ಒಂದು ಇಸ್ಪೀಟು ಕಟ್ಟು ಕೊಟ್ಟು, ಇದರಲ್ಲಿ ಭವಿಷ್ಯ ನೋಡಬಹುದು ಎಂದಳಂತೆ. ಹೇಗೆ ನೋಡುವುದೆಂದು ಹೇಳುವಷ್ಟರಲ್ಲಿ ಹಡಗು ಹೊರಟಿತ್ತು.

ಮಾವ ಅದನ್ನು ನನ್ನ ಮೇಜಿನ ಮೇಲೆ ಹರಡಿದರು. ರಾಜ, ರಾಣಿ ಇದ್ದರು. ಜೊತೆಗೆ ಕುದುರೆಯ ಮೇಲೆ ಕೂತ ಅಸ್ಥಿಪಂಜರ, ಚಂದ್ರನಿಗೆ ಬೊಗಳುವ ನಾಯಿ, ಕಾಲಿಗೆ ಹಗ್ಗ ಕಟ್ಟಿಸಿಕೊಂಡು ತಲೆಕೆಳಗಾಗಿ ನೇತಾಡುವ ಒಬ್ಬ ಮನುಷ್ಯ ಸಹ ಇದ್ದರು. ಪೆನ್ಸಿಲಿಗೆ ಬಂದಿದ್ದ ಗಿರಾಕಿ ಪೆನ್ಸಿಲು ಬಿಟ್ಟು ಹೋದ.

"ಇದಕ್ಕೆ ಬಾಲಬೋಧೆ ಉಂಟಾ ಮಾರಾಯ? ಒಂದನೆಯ ಪಾಠದಿಂದ ಶುರುವಾಗುವಂಥದ್ದು?"

"ಯಾಕೆ ಇಷ್ಟು ಅವಸರ?" ಎಂದೆ.

"ತಂಗಿಯ ಮಗಳಿಗೆ ಬಾಯಾರಿನ ಒಂದು ಮನೆಯಿಂದ ಸಂಬಂಧ ಬಂದಿದೆ. ಮಹಾನವಮಿಯ ದಿನ ಉತ್ತರ ಕೇಳ್ಲಿಕ್ಕೆ ಬರ್ತಾರೆ. ಅಷ್ಟರಲ್ಲಿ ನಾನು ಕಲೀಬೇಕು."

"ಜೋಯಿಸರು ಎಂತ ಹೇಳಿದ್ರು?"

"ಎಲ್ಲ ಕೂಡಿ ಬರ್ತದೆ ಅಂದ್ರು. ಎಲೆ ಅಡಿಕೆ ಜಗಿಯುತ್ತಾ, ತಲೆ ಸಹ ಎತ್ತದೆ ಹೇಳಿದ್ರು. ಅದಕ್ಕೇ ಸಂಶಯ."

ಹೀಬ್ರೂ ಮಾಸ್ಟ್ರು

ಅದೇ ಸಂಜೆ ಸೀಮೆಸುಣ್ಣದ ನೆವದಲ್ಲಿ ಟೀಚರು ಬಂದರು. ಮುಖ ಬಾಡಿತ್ತು.

"ಅಣ್ಣ, ಬಾಯಾರಿನವರು ಮದುವೆಯಾದ ಮೇಲೆ ಶಾಲೆ ಬಿಡ್ಬೇಕು ಅಂತಾರೆ. ಮಾವ ಹೂಂ ಅಂದ್ರೆ ಮುಗೀತು. ಅವರು ಈಗ ಯಾರ ಮಾತೂ ಕೇಳುದಿಲ್ಲ, ಆ ಇಸ್ಪೀಟಿನ ಮಾತು ಮಾತ್ರ. ನೀವು ಎಂತ ಪುಸ್ತಕ ಕೊಡ್ತೀರೋ ನೋಡಿ ಕೊಡಿ."

ನನ್ನ ಮಗಳು ಅಕ್ಷರ ಕಲಿತದ್ದು ಈ ಟೀಚರ ಕೈಯಲ್ಲಿ. ಒಂದು ಪುಸ್ತಕ ಆರಿಸುವುದಕ್ಕೆ ಇಷ್ಟು ಹೆದರಬೇಕಾಗುತ್ತದೆಂದು ಗೊತ್ತಿದ್ದರೆ ನಾನು ಉಪ್ಪಿನ ಅಂಗಡಿ ಇಡುತ್ತಿದ್ದೆ.

ಕಾಗದ ಬರೆದು ಕೇಳಿದ್ದಕ್ಕೆ ಮದರಾಸಿನಿಂದ ಅಂಚೆಯಲ್ಲಿ ಎರಡು ಇಂಗ್ಲಿಷ್ ಪುಸ್ತಕ ಬಂದವು. ಒಂದು ದಪ್ಪ, ಒಂದು ತೆಳು. ದಪ್ಪದ್ದರ ಮೊದಲ ಪುಟದಲ್ಲೇ, ಇದು ಹೊಸಬರಿಗಾಗಿ ಬರೆದದ್ದು, ಆದ್ದರಿಂದ ಮೊದಲು ಹೀಬ್ರೂ ಅಕ್ಷರಮಾಲೆ ಕಲಿತು ಬನ್ನಿ ಎಂದಿತ್ತು. ಓದಿ ಹೇಳಿದೆ. ಮಾವ ಗಂಭೀರವಾಗಿ ಯೋಚಿಸಿದರು.

"ಬದಿಯಡ್ಕದಲ್ಲಿ ಹೀಬ್ರೂ ಮಾಸ್ಟ್ರು ಯಾರು?"

"ಯಾರೂ ಇಲ್ಲ."

"ಪುತ್ತೂರಿನಲ್ಲಿ?"

ಯಾರಿಗೆ ನೇರ?

ಹಾಗೆ ತೆಳು ಪುಸ್ತಕವೇ ಗತಿಯಾಯಿತು. ಇಸ್ಪೀಟಿನ ಎಲೆ ನೇರವಾಗಿ ಬಿದ್ದರೆ ಒಂದು ಫಲ, ತಲೆಕೆಳಗಾಗಿ ಬಿದ್ದರೆ ಅದರ ಉಲ್ಟಾ ಎಂದು ಅದರಲ್ಲಿತ್ತು. ನಾನು ಅಲ್ಲೊಂದು ಇಲ್ಲೊಂದು ಪುಟ ಓದಿ ಹೇಳಿದೆ. ಮಾವನಿಗೆ ತಕ್ಷಣ ಪರೀಕ್ಷೆ ಮಾಡಬೇಕು. ನಮ್ಮ ಕಡೆ ಪ್ರಶ್ನೆ ಇಟ್ಟು ಭವಿಷ್ಯ ಹೇಳುವವರು ಕೂರುವಂತೆ ಮೂಡು ದಿಕ್ಕಿಗೆ ಮುಖ ಮಾಡಿ ಚಾಪೆಯಲ್ಲಿ ಕೂತರು, ನನ್ನನ್ನು ಎದುರಿಗೆ ಕೂರಿಸಿದರು, ನನ್ನ ಅಂಗಡಿಯ ಭವಿಷ್ಯಕ್ಕೆಂದು ಒಂದು ಎಲೆ ಎತ್ತಿಟ್ಟರು.

ಸಿಡಿಲು ಬಡಿದು ಉರಿಯುವ ಗೋಪುರ. ಅದರಿಂದ ಜನ ಕೆಳಗೆ ಬೀಳುತ್ತಿದ್ದಾರೆ.

"ಅಯ್ಯೋ, ನಿನ್ನ ಅಂಗಡಿ ಹೋಯ್ತಲ್ಲ ಮಾರಾಯ!"

ಆದರೆ ಎಲೆ ನೇರವಾಗಿದ್ದದ್ದು ಅವರಿಗೆ, ಎದುರು ಕೂತ ನನಗೆ ಅದು ತಲೆಕೆಳಗು. ಯಾರ ಕಡೆಯಿಂದ ನೋಡಬೇಕೆಂದು ಪುಸ್ತಕದಲ್ಲಿ ಹುಡುಕಿದರೆ ಅದೊಂದನ್ನು ಬರೆದೇ ಇಲ್ಲ. ಮಾವ ಎದ್ದು ಬಂದು ನನ್ನ ಪಕ್ಕ ಕೂತು ನೋಡಿದರು, ಕೂಡಲೇ ಎದ್ದರು. ಪಡುವಣಕ್ಕೆ ಮುಖ ಮಾಡಿ ಪ್ರಶ್ನೆ ನೋಡುವುದುಂಟೇ?

"ಇರಲಿ," ಎಂದೆ. "ನನ್ನ ಕಡೆಯಿಂದ ನೋಡಿದ್ರೆ ಗಿರಾಕಿಗಳು ಮೇಲೆ ಹತ್ತಿ ಬರ್ತಾ ಇದ್ದಾರೆ."

ಮಹಾನವಮಿ

ನವಮಿಯ ದಿನ ಬೆಳಿಗ್ಗೆ ಮಾವನಿಂದ ಕರೆ ಬಂತು, ತಕ್ಷಣ ಬರಬೇಕೆಂದು. ಹೋದರೆ ಬಾಯಾರಿನ ಹಿರಿಯರು ಆಗಲೇ ಚಾವಡಿಯಲ್ಲಿ ಕೂತಿದ್ದಾರೆ. ಮಾವ ನನ್ನನ್ನು ಮೂಲೆಗೆ ಎಳೆದರು.

"ಪುಸ್ತಕ ಪೂಜೆಗೆ ಇಟ್ಟಾಗಿದೆ ಮಾರಾಯ! ನಿನ್ನೆ ಸಂಜೆ ತಂಗಿ ಮನೆಯ ಎಲ್ಲ ಪುಸ್ತಕದ ಜೊತೆ ಅದನ್ನೂ ಇಟ್ಟಿದ್ದಾಳೆ. ದಶಮಿವರೆಗೆ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ನೀನು ಅದನ್ನು ಓದಿದ್ದೀಯಲ್ಲ, ಬಾಯಿಪಾಠ ಹೇಳು."

ನನಗೆ ಗೊತ್ತಿದ್ದದ್ದು ಆ ಗೋಪುರದ ಎಲೆ ಒಂದೇ. ದೇವರ ಕೋಣೆಯಲ್ಲಿ ಹೂವಿನ ಅಡಿಯಲ್ಲಿ ಪುಸ್ತಕದ ಮೂಲೆ ಕಾಣುತ್ತಿತ್ತು. ಪಕ್ಕದಲ್ಲಿ ಟೀಚರ ತಾಯಿ ಕಾವಲು ಕೂತಿದ್ದರು. ಟೀಚರು ಬಾಗಿಲ ಹಿಂದೆ ನಿಂತಿದ್ದರು.

ಮಾವ ಮೂಡು ದಿಕ್ಕಿಗೆ ಕೂತು ಎಲೆ ಎತ್ತಿಟ್ಟರು. ನೇತಾಡುವ ಮನುಷ್ಯ!

ಎಲ್ಲರ ಕಣ್ಣು ನನ್ನ ಮೇಲೆ. ಒಳ್ಳೆಯದೆಂದರೆ ಟೀಚರ ಶಾಲೆ ಹೋಯಿತು, ಕೆಟ್ಟದ್ದೆಂದರೆ ಬಾಯಾರಿನವರಿಗೆ ಅವಮಾನ.

ಎದುರು ಕೂತಿದ್ದ ಬಾಯಾರಿನ ಹಿರಿಯರೇ ಬಗ್ಗಿ ನೋಡಿದರು. "ಎಂತ ಆಯ್ತು? ಹುಡುಗ ಚಂದ ಮಾಡಿ ನಿಂತಿದ್ದಾನಲ್ಲ, ಕೈ ಹಿಂದೆ ಕಟ್ಟಿಕೊಂಡು, ಮರ್ಯಾದೆಯಲ್ಲಿ."

"ನಿಮ್ಮ ಕಡೆಯಿಂದ ನಿಂತಿದ್ದಾನೆ," ಎಂದರು ಮಾವ. "ನಮ್ಮ ಕಡೆಯಿಂದ ನೇತಾಡ್ತಾನೆ."

"ಹಾಗಾದ್ರೆ ನಮ್ಮ ಕಡೆ ಬಂದು ಕೂತುಕೊಳ್ಳಿ."

ಮಾವ ನಿಜವಾಗಿಯೂ ಎದ್ದರು! ಬಾಗಿಲ ಹಿಂದಿನಿಂದ ಟೀಚರ ಸಣ್ಣ ದನಿ ಕೇಳಿತು. "ಮಾವ, ಪಡುವಣಕ್ಕೆ ಮುಖ ಆಗ್ತದಲ್ಲ?"

ಮಾವ ಹಾಗೇ ಕೂತರು. "ನಾಳೆ ಪುಸ್ತಕ ತೆಗೆದು ಓದಿಸಿ ಹೇಳ್ತೇನೆ. ಒಂದು ದಿನ ತಡೆದುಕೊಳ್ಳಿ."

"ನಾಳೆ ನಮಗೆ ಆಗ್ಲಿಕ್ಕಿಲ್ಲ," ಎಂದರು ಹಿರಿಯರು. "ಇನ್ನೊಂದು ಮನೆಗೆ ಹೆಣ್ಣು ನೋಡ್ಲಿಕ್ಕೆ ಹೋಗ್ಲಿಕ್ಕುಂಟು."

ಮಾವ ಇಸ್ಪೀಟನ್ನು ಮೆಲ್ಲಗೆ ಒಟ್ಟು ಮಾಡಿದರು. "ಇನ್ನು ಪುಸ್ತಕ ನೋಡ್ಬೇಕಾದ್ದಿಲ್ಲ. ಆಚೆ ಮನೆ ಈಚೆ ಮನೆ ಅಂತ ನೇತಾಡುವವ ಯಾರು ಅಂತ ಗೊತ್ತಾಯ್ತು."

ದಪ್ಪ ಪುಸ್ತಕ

ದಶಮಿ ಕಳೆದು ಟೀಚರು ಮತ್ತೆ ಸೀಮೆಸುಣ್ಣಕ್ಕೆ ಬಂದರು. ಮುಖ ಅರಳಿತ್ತು, ನನಗೂ ಕಣ್ಣು ತುಂಬುವಷ್ಟು ಸಂತೋಷವಾಯಿತು.

"ಅಮ್ಮನ ಪುಣ್ಯ ಟೀಚರೇ, ಸಮಯಕ್ಕೆ ಸರಿಯಾಗಿ ಪುಸ್ತಕ ಪೂಜೆಗೆ ಇಟ್ಟರು."

"ಅಮ್ಮನಿಗೆ ಇಂಗ್ಲಿಷ್ ಪುಸ್ತಕ ಪೂಜೆಗೆ ಆಗ್ತದಾ ಅಂತ ಸಂಶಯ ಇತ್ತು ಅಣ್ಣ. ಸರಸ್ವತಿಗೆ ಎಲ್ಲ ಭಾಷೆಯೂ ಬರ್ತದೆ ಅಂತ ನಾನೇ ಹೇಳಿದೆ."

ಅವರು ಸೀಮೆಸುಣ್ಣದ ಪೆಟ್ಟಿಗೆ ಎತ್ತಿಕೊಂಡು ಹೊರಟವರು ಮೆಟ್ಟಿಲಲ್ಲಿ ತಿರುಗಿ ನಿಂತರು.

"ಅಣ್ಣ, ಹೀಬ್ರೂ ಕಲೀಬೇಕು ಅನ್ನುವ ಆ ದಪ್ಪ ಪುಸ್ತಕ ಮದರಾಸಿಗೆ ವಾಪಸು ಕಳಿಸಿದ್ರಾ?"

"ಇಲ್ಲ. ಯಾಕೆ?"

"ಇನ್ನೊಂದು ಸಂಬಂಧ ಬಂದಿದೆ. ಮಾವ ಬಂದ್ರೆ ಈ ಸಲ ಅದನ್ನೇ ಕೊಡಿ."