ವಲೆನ್ಸಿಯಾದಲ್ಲಿ ನಮ್ಮ ದೀಪಾವಳಿ

ಸಂಘಗಳಲ್ಲಿ ಅಧ್ಯಕ್ಷರಾಗುವವರು ಒಂದು ಬಗೆ, ಖಜಾಂಚಿಯಾಗುವವರು ಇನ್ನೊಂದು ಬಗೆ. ಕಾರ್ಯದರ್ಶಿಯಾಗುವವರು ಯಾವ ಬಗೆಗೂ ಸೇರದವರು. ಸಭೆಗೆ ತಡವಾಗಿ ಹೋಗಿರುತ್ತಾರೆ, ಅಷ್ಟೇ ಅವರ ಅರ್ಹತೆ. ಅಟ್ಲಾಂಟಾದ ಉತ್ತರಕ್ಕೆ ಜಾನ್ಸ್ ಕ್ರೀಕ್‌ನಲ್ಲಿರುವ ನಮ್ಮ ಕನ್ನಡ ಕೂಟಕ್ಕೆ ನಾನು ಕಾರ್ಯದರ್ಶಿಯಾದದ್ದು ಹಾಗೆಯೇ. ಬಾಗಿಲು ತೆಗೆದು ಒಳಗೆ ಕಾಲಿಡುವ ಹೊತ್ತಿಗೆ ಚಪ್ಪಾಳೆ ಕೂಡ ಮುಗಿದಿತ್ತು. ಈ ಹುದ್ದೆಯ ಕೆಲಸವೇನೆಂದರೆ, ಮೈಕಿನಲ್ಲಿ "ಹಲೋ, ಚೆಕ್, ಚೆಕ್" ಎನ್ನುವುದು; ಆಮೇಲೆ "ಬಿಳಿ ಮಿನಿವ್ಯಾನಿನವರು ದಯವಿಟ್ಟು ಗಾಡಿ ತೆಗೆಯಬೇಕು" ಎನ್ನುವುದು. ಬಿಳಿ ಮಿನಿವ್ಯಾನಿನವರು ತೆಗೆಯುವುದಿಲ್ಲ. ಅಲ್ಲಿಗೆ ನನ್ನ ಅಧಿಕಾರ ಮುಗಿಯುತ್ತದೆ. ನನ್ನ ಮಗಳು ಅನನ್ಯಾ ಅವಳ ಗೆಳತಿಗೆ ನನ್ನನ್ನು ಪರಿಚಯಿಸಿದ್ದು ಕೂಡ "ಮೈ ಡ್ಯಾಡ್ ಡಸ್ ದ ಪಾರ್ಕಿಂಗ್ ಅನೌನ್ಸ್‌ಮೆಂಟ್ಸ್" ಎಂದೇ. ಇಂಥ ಬಾಳು ಬಾಳುತ್ತಿರುವವನನ್ನು ಯಾರಾದರೂ ಗಂಭೀರವಾಗಿ ಕಣ್ಣಲ್ಲಿ ಕಣ್ಣಿಟ್ಟು, "ತಾವು ಯಾವ ಸಂಸ್ಥೆ ನಡೆಸುತ್ತೀರಿ?" ಎಂದು ಕೇಳಿದರೆ ಅವನು ಹಿಗ್ಗಿ ಹೀರೇಕಾಯಿಯಾಗದೆ ಇನ್ನೇನಾದಾನು, ನೀವೇ ಹೇಳಿ.

ಹಾಗೆ ಕೇಳಿದ್ದು ಸ್ಪೇನ್ ದೇಶದ ಅಂಪಾರೊ ಎಂಬ ಹೆಂಗಸು. ನನ್ನ ಹೊಟ್ಟೆಪಾಡಿನ ಕೆಲಸವೆಂದರೆ, ದೊಡ್ಡ ಸಮ್ಮೇಳನಗಳಲ್ಲಿ ಜನ ಕೊರಳಿಗೆ ನೇತುಹಾಕಿಕೊಳ್ಳುವ ಬ್ಯಾಡ್ಜು ಮುದ್ರಿಸುವ ಸಾಫ್ಟ್‌ವೇರ್ ನೋಡಿಕೊಳ್ಳುವುದು. ಪ್ರಿಂಟರ್ ಕೆಟ್ಟರೆ ನಾನು ಬೇಕು, ಕೆಡದಿದ್ದರೆ ಸುಮ್ಮನೆ ನಿಂತಿರಬೇಕು. ಅಟ್ಲಾಂಟಾ ಡೌನ್‌ಟೌನಿನಲ್ಲಿ ಒಂದು ಮೇಳ ನಡೆಯಿತು. ಅಲ್ಲಿ ಅಂಗಡಿ ಇಟ್ಟುಕೊಂಡು ಕೂತದ್ದು ಕಂಪನಿಗಳಲ್ಲ, ಊರುಗಳು! ನಿಮ್ಮ ಸಮ್ಮೇಳನ ನಮ್ಮೂರಲ್ಲಿ ಮಾಡಿ, ಹಗಲು ಮೀಟಿಂಗು, ಸಂಜೆ ಸಂಸ್ಕೃತಿ ಎಂದು ಪ್ರಪಂಚದ ಊರುಗಳೆಲ್ಲ ಸಾಲಾಗಿ ಕೂತು ಕರೆಯುತ್ತಿದ್ದವು. ಆ ದಿನ ನನ್ನ ದುರದೃಷ್ಟಕ್ಕೆ ಪ್ರಿಂಟರ್ ಕೆಡಲಿಲ್ಲ. ಪಕ್ಕದಲ್ಲೇ ವಲೆನ್ಸಿಯಾ ಇತ್ತು. ಹಿಂದೆ ಗೋಡೆಯಗಲ ಮೆಡಿಟರೇನಿಯನ್ ಸಮುದ್ರದ ಚಿತ್ರ, ಮುಂದೆ ಬುಟ್ಟಿ ತುಂಬ ಕಿತ್ತಳೆ. ನಾನು ಹೋದದ್ದು ಕಿತ್ತಳೆಗೆ. ಒಂದು ಸುಲಿದು ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಅಂಪಾರೊ ಆ ಪ್ರಶ್ನೆ ಕೇಳಿಬಿಟ್ಟರು.

ಮುಂದೆ ನಾನಾಡಿದ ಮಾತುಗಳಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ. ಯಾವ ಸಂಸ್ಥೆ? ಒಂದು ಸಾಂಸ್ಕೃತಿಕ ಸಂಸ್ಥೆ, ನಾನು ಅದರ ಸೆಕ್ರೆಟರಿ. ವಾರ್ಷಿಕ ಸಮಾವೇಶ ಇದೆಯೇ? ಇದೆ, ದೀಪಾವಳಿಗೆ. ಎಷ್ಟು ಪ್ರತಿನಿಧಿಗಳು? ಏಳುನೂರು ಜನ, ಮಕ್ಕಳನ್ನು ಎಣಿಸಿದರೆ ಇನ್ನೂ ಹೆಚ್ಚು. ಕಾರ್ಯಕ್ರಮಗಳು? ನೃತ್ಯ, ಸಂಗೀತ, ನಾಟಕ, ಭಾಷಣ, ಫ್ಯಾನ್ಸಿ ಡ್ರೆಸ್. ಎಲ್ಲರೂ ಕೊನೆಯವರೆಗೂ ಇರುತ್ತಾರೆಯೇ? ಊಟದವರೆಗೂ ಇರುತ್ತಾರೆ. ಆಕೆ ಇದನ್ನು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ದನಿ ತಗ್ಗಿಸಿ, ತಾವು ಸದ್ಯ ಅಟ್ಲಾಂಟಾದಲ್ಲೇ ಇರುವುದಾಗಿಯೂ, ನಮ್ಮ ಒಂದು ಸಮಾವೇಶಕ್ಕೆ ಬಂದು ನಮ್ಮ ಅಗತ್ಯಗಳನ್ನು ನೋಡುವುದಾಗಿಯೂ, ಎಲ್ಲ ಸರಿಹೋದರೆ ಇಬ್ಬರನ್ನು ವಲೆನ್ಸಿಯಾಕ್ಕೆ ಕರೆಸಿಕೊಂಡು ಊರು, ಹೋಟೆಲು, ಸಭಾಂಗಣ ಎಲ್ಲ ತೋರಿಸುವುದಾಗಿಯೂ ಹೇಳಿದರು. ಟಿಕೆಟ್ಟು, ಊಟ, ವಸತಿ ಎಲ್ಲ ಅವರದೇ. ಇಬ್ಬರು ಎಂದ ತಕ್ಷಣ ನನ್ನ ಕಿವಿ ನಿಮಿರಿತು.

ಯಾಕೆಂದರೆ ಇಬ್ಬರಲ್ಲಿ ಒಬ್ಬ ನಾನು, ಇನ್ನೊಬ್ಬಳು ನನ್ನ ಹೆಂಡತಿ ಶೋಭಾ. ಎರಡು ಸಾವಿರದ ಇಪ್ಪತ್ತರಲ್ಲಿ ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಮೆಡಿಟರೇನಿಯನ್ ತೋರಿಸುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೆ. ಕೊರೋನಾ ಬಂತು. ಮರುವರ್ಷ ವೀಸಾ ಸ್ಟಾಂಪಿಂಗ್ ತಾಪತ್ರಯ. ಹೊರಗೆ ಹೋದರೆ ವಾಪಸ್ ಬಿಡುತ್ತಾರೋ ಇಲ್ಲವೋ ಎಂಬ ಭಯ. ಅದು ಬಗೆಹರಿಯುವಷ್ಟರಲ್ಲಿ ಮನೆ ಕೊಂಡೆವು, ಕೊಂಡ ಮೇಲೆ ಎಲ್ಲಿಗೂ ಹೋಗುವ ಚೈತನ್ಯ ಉಳಿಯಲಿಲ್ಲ. ಪ್ರತಿ ಬೇಸಿಗೆಯಲ್ಲೂ ಸೌತ್ ಕೆರೊಲೈನಾದ ಮರ್ಟಲ್ ಬೀಚಿಗೆ ಕರೆದುಕೊಂಡು ಹೋಗಿ, "ನೀರು ನೀರೇ ಅಲ್ವೇನೇ?" ಎನ್ನುತ್ತಿದ್ದೆ. ಶೋಭಾ ಏನೂ ಹೇಳುತ್ತಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ; ಆ ಮೌನ ಮಾತ್ರ ನನಗೆ ನಿಜಕ್ಕೂ ಸಂಕಟ ಕೊಡುತ್ತಿತ್ತು. ಆ ಸಂಜೆ ಕಿತ್ತಳೆಯ ವಾಸನೆ ಹೊತ್ತು ಮನೆಗೆ ಬಂದವನೇ, "ಈ ಸಲ ಗ್ಯಾರಂಟಿ ಕಣೇ, ನಾನೂ ನೀನೂ ವಲೆನ್ಸಿಯಾ" ಎಂದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತ, "ರೀ, ಮೊದಲು ಆ ಟ್ರ್ಯಾಶ್ ಹೊರಗಿಟ್ಟು ಬನ್ನಿ" ಎಂದಳು.

ಕಮಿಟಿಯನ್ನು ಒಪ್ಪಿಸುವುದು ಕಷ್ಟವಾದೀತೆಂದು ಹೆದರಿದ್ದೆ. ನಮ್ಮ ಅಧ್ಯಕ್ಷರು ಧಾರವಾಡದ ಡಾಕ್ಟರ್ ಪಾಟೀಲರು. ಹೃದ್ರೋಗ ತಜ್ಞರು, ಎದುರಿಗಿರುವವರ ಎದೆ ಹೊಡೆದುಕೊಳ್ಳುವುದನ್ನು ನೋಡಿ ಅವರಿಗೆ ಅಭ್ಯಾಸ. ಅವರ ಮನೆಯ ಬೇಸ್‌ಮೆಂಟಿನಲ್ಲಿ ಮೀಟಿಂಗು. ವಲೆನ್ಸಿಯಾದ ಹಳೇ ಮಾರುಕಟ್ಟೆ, ಬಿಳಿಬಿಳಿ ವಿಜ್ಞಾನ ಭವನ, ರೇಷ್ಮೆ ವ್ಯಾಪಾರಿಗಳು ಕಟ್ಟಿದ ಸಭಾಭವನ, ಎಲ್ಲದರ ಚಿತ್ರ ತೋರಿಸಿದೆ. ಯಾರೂ ಅಲುಗಾಡಲಿಲ್ಲ. ಒಬ್ಬರು ಆಕಳಿಸಿದರು. ಕೊನೆಗೆ ಬೇರೇನೂ ಹೊಳೆಯದೆ, "ಈ ಊರಲ್ಲಿ ವರ್ಷಕ್ಕೊಂದು ಸಲ ಬೀದಿಬೀದಿಯಲ್ಲಿ ಮನೆಯೆತ್ತರದ ಬೊಂಬೆ ನಿಲ್ಲಿಸಿ ಸುಟ್ಟುಹಾಕ್ತಾರಂತೆ" ಎಂದೆ. ಪಾಟೀಲರು ನೆಟ್ಟಗೆ ಕೂತರು. "ಸುಡ್ತಾರ? ಬೀದ್ಯಾಗ? ಪೊಲೀಸ್ರು ಏನೂ ಅನ್ನೂದಿಲ್ಲೇನ್ರಿ?"

"ಪೊಲೀಸರೂ ನಿಂತು ನೋಡ್ತಾರಂತೆ ಸರ್."

"ಹಂಗಿದ್ರ ಅಲ್ಲಿ ನಾವು ಖರೇ ದೀಪಾ ಹಚ್ಚಬಹುದಲ್ರೀ!"

ಇಡೀ ಬೇಸ್‌ಮೆಂಟು ಎದ್ದು ಕೂತಿತು. ಇದು ನಿಮಗೆ ಅರ್ಥವಾಗಬೇಕಾದರೆ ನಮ್ಮ ದುಃಖ ಗೊತ್ತಿರಬೇಕು. ನಾವು ಕಾರ್ಯಕ್ರಮ ಮಾಡುವುದು ಬಾಡಿಗೆಗೆ ಹಿಡಿದ ಸ್ಕೂಲಿನಲ್ಲಿ. ಅಲ್ಲಿ ಬೆಂಕಿ ಕಡ್ಡಿ ಗೀರುವಂತಿಲ್ಲ. ಒಂದು ವರ್ಷ ಗುಟ್ಟಾಗಿ ಎಣ್ಣೆದೀಪ ಹಚ್ಚಲು ಹೋಗಿ ಅಲಾರಂ ಬಡಿದುಕೊಂಡು, ಫೈರ್ ಟ್ರಕ್ ಬಂದು, ರೇಷ್ಮೆಸೀರೆಯವರೆಲ್ಲ ಚಳಿಯಲ್ಲಿ ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದರು. ಬಂದ ಅಗ್ನಿಶಾಮಕದವರಿಗೆ ಹೋಳಿಗೆ ಕೊಟ್ಟು ಕಳಿಸಿದೆವು. ಅಂದಿನಿಂದ ದೀಪಾವಳಿಗೆ ಬ್ಯಾಟರಿ ದೀಪ. ಮುಖ್ಯ ಅತಿಥಿಗಳು ಭಕ್ತಿಯಿಂದ ಸ್ವಿಚ್ ಒತ್ತುತ್ತಾರೆ, ಹಿನ್ನೆಲೆಯಲ್ಲಿ ಶ್ಲೋಕ. ಹೀಗಾಗಿ ಬೀದಿಯಲ್ಲೇ ಬೆಂಕಿ ಹಚ್ಚಲು ಬಿಡುವ ಊರೊಂದು ಭೂಮಿಯ ಮೇಲಿದೆ ಎಂದು ಕೇಳಿದ್ದೇ ಕಮಿಟಿಗೆ ವಲೆನ್ಸಿಯಾ ಪುಣ್ಯಕ್ಷೇತ್ರದಂತೆ ಕಂಡಿತು.

ದೀಪಾವಳಿಗೆ ಮುಂಚಿನ ನಮ್ಮದೊಂದು ಕಾರ್ಯಕ್ರಮ ನೋಡಲು ಅಂಪಾರೊ ಬರುವ ದಿನವೂ ಬಂತು. ನಮ್ಮ ಕೂಟದ ಊಟದ ಉಸ್ತುವಾರಿ ಮೊದಲಿನಿಂದಲೂ ಶೋಭಾಳದೇ. ನಮ್ಮ ಗರಾಜಿನಲ್ಲಿ ದೊಡ್ಡ ಗ್ಯಾಸ್ ಒಲೆಯ ಮೇಲೆ ಮಗುವಿಗೆ ಸ್ನಾನ ಮಾಡಿಸಬಹುದಾದಷ್ಟು ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತು ಕುದಿಯುತ್ತಿತ್ತು. "ನಾನು ರೆಡಿಯಾಗಿ ಬರ್ತೀನಿ, ಕೈ ಬಿಡದೆ ತಿರುವ್ತಾ ಇರಿ" ಎಂದು ಸೌಟು ನನ್ನ ಕೈಗೆ ಕೊಟ್ಟು ಹೋದಳು. ನಾನು ತಿರುವಿದೆ. ಆದರೆ ಅಂಪಾರೊಗೆ ಸ್ಪ್ಯಾನಿಷ್‌ನಲ್ಲಿ ಸ್ವಾಗತ ಹೇಳಬೇಕೆಂದು ಮನಸ್ಸಾಯಿತು. ಫೋನು ನೋಡಿಕೊಂಡು "ಬ್ಯೆನ್‌ವೆನಿದಾ, ಬ್ಯೆನ್‌ವೆನಿದಾ" ಎಂದು ಅಭ್ಯಾಸ ಮಾಡುತ್ತಿದ್ದವನಿಗೆ ಸೌಟು ನಿಂತದ್ದು ತಿಳಿಯಲಿಲ್ಲ. ಅನನ್ಯಾ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು, "ಅಪ್ಪಾ, ಸಮ್‌ಥಿಂಗ್ ಈಸ್ ಬರ್ನಿಂಗ್. ಅಮ್ಮ ನಿಮ್ಮನ್ನ ಕಿಲ್ ಮಾಡ್ತಾಳೆ" ಎಂದಾಗಲೇ ಗೊತ್ತಾದದ್ದು. ತಳ ಹಿಡಿದಿತ್ತು. ಶೋಭಾ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ. ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ, ತಳದ ಪಾತ್ರೆಯನ್ನು ತೊಳೆಯಲು ಹೊತ್ತು ಸಾಲದೆ ಅದನ್ನೂ ಸ್ಕೂಲಿಗೆ ಹೊತ್ತುಕೊಂಡು ಹೋಗಿ ಊಟದ ಮೇಜಿನ ಕೆಳಗೆ ಬಚ್ಚಿಟ್ಟೆವು.

ಕಾರ್ಯಕ್ರಮ ನಾಲ್ಕಕ್ಕೆ ಎಂದು ಹೇಳಿದ್ದೆವು. ಅಂಪಾರೊ ನಾಲ್ಕಕ್ಕೆ ಸರಿಯಾಗಿ ಬಂದರು. ಸ್ಕೂಲಿನ ಹಾಲಿನಲ್ಲಿ ಇದ್ದದ್ದು ನಾನು ಮತ್ತು ಖಾಲಿ ಕುರ್ಚಿಗಳು. "ಬ್ಯೆನ್‌ವೆನಿದಾ" ಎಂದೆ. ಏಳುನೂರು ಪ್ರತಿನಿಧಿಗಳು ಎಲ್ಲಿ ಎಂದು ಆಕೆ ಕೇಳಲಿಲ್ಲ, ನೋಡಿದರು ಅಷ್ಟೇ. ನಾನು ಮೈಕಿನಲ್ಲಿ ಚೆಕ್, ಚೆಕ್ ಎಂದೆ. ಐದಾಯಿತು, ಯಾರೋ ಒಬ್ಬರು ಬಂದು ತಬಲಾ ಇಟ್ಟು ಹೋದರು. ಆರರ ಹೊತ್ತಿಗೆ ಕಟ್ಟೆ ಒಡೆದ ಹಾಗೆ ಜನ ನುಗ್ಗಿದರು. ಕ್ಷಮೆ ಕೇಳಲು ಬಾಯಿ ತೆರೆದರೆ ಅಂಪಾರೊ ನನ್ನ ಕೈ ಹಿಡಿದುಕೊಂಡು, ಅಮೆರಿಕಕ್ಕೆ ಬಂದಾಗಿನಿಂದ ಎಲ್ಲರೂ ಹೇಳಿದ ಸಮಯಕ್ಕೇ ಬಂದು ತಮ್ಮ ಜೀವ ಹಿಂಡಿದ್ದರೆಂದೂ, ಇವತ್ತು ತಮ್ಮೂರಿಗೇ ಹೋದ ಹಾಗಾಯಿತೆಂದೂ ಹೇಳಿದರು. ಅವರ ಕಣ್ಣು ಒದ್ದೆಯಾಗಿತ್ತು. ನನಗಂತೂ ಅಲ್ಲೇ ಸೂಟ್‌ಕೇಸ್ ಕಟ್ಟಿದಷ್ಟು ಸಮಾಧಾನವಾಯಿತು.

ಊಟದ ಸಾಲಿನಲ್ಲಿ ಶೋಭಾ ಎಲ್ಲರಿಗೂ ಬಡಿಸುತ್ತ, "ಸ್ವಲ್ಪ ಸ್ಮೆಲ್ ಬರ್ತಿದೆ ಅಲ್ವಾ? ಇವ್ರೇ ಕಣ್ರೀ ಸುಟ್ಟಿದ್ದು" ಎಂದು ನನ್ನ ಕೀರ್ತಿ ಹರಡುತ್ತಿದ್ದಳು. ಅಂಪಾರೊ ತಟ್ಟೆ ಹಿಡಿದು ಬಂದವರು ಗಾಳಿಯಲ್ಲಿ ಮೂಗಾಡಿಸಿದರು. ಬಗ್ಗಿದರು. ಮೇಜಿನ ಕೆಳಗಿನ ಪಾತ್ರೆಯನ್ನು ಕಂಡುಹಿಡಿದೇಬಿಟ್ಟರು! ಶೋಭಾಳ ಮುಖ ಬಿಳಿಚಿಕೊಂಡಿತು. ಅಂಪಾರೊ ಸೌಟಿನಿಂದ ತಳ ಕೆರೆದು, ಕಪ್ಪಗೆ ಅಂಟಿದ ಚೂರೊಂದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿಕೊಂಡರು. ವಲೆನ್ಸಿಯಾದಲ್ಲೂ ಅಗಲ ಬಾಣಲೆಯಲ್ಲಿ ಅನ್ನ ಬೇಯಿಸುತ್ತಾರಂತೆ. ತಳ ಹಿಡಿದ ಭಾಗವೇ ಅದರ ಜೀವವಂತೆ. ಅದಕ್ಕಾಗಿ ಅಣ್ಣತಮ್ಮಂದಿರು ಜಗಳವಾಡುತ್ತಾರಂತೆ. "ಇಷ್ಟು ಹದವಾಗಿ ಇದನ್ನು ಮಾಡಿದ್ದು ಯಾರು?" ಎಂದು ಕೇಳಿದರು.

ನಾನು ವಿನಯದಿಂದ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಶೋಭಾ ಇಂಗ್ಲಿಷಿನಲ್ಲಿ, "ನಾನೇ. ನಮ್ಮ ಮನೆ ಸ್ಟೈಲ್ ಇದು" ಎಂದುಬಿಟ್ಟಳು. ಸುಟ್ಟವನು ನಾನು, ಹೆಸರು ಅವಳಿಗೆ! ಆದರೂ ಹೋಗಲಿ ಬಿಡು, ಹೇಗೂ ಇಬ್ಬರೂ ಹೋಗುವವರೇ ಎಂದುಕೊಂಡೆ. ಆಮೇಲೆ ತಳಕ್ಕೇ ಬೇರೆ ಸಾಲು ಶುರುವಾಯಿತು. ಪಾಟೀಲರು ಎರಡು ಸಲ ಹಾಕಿಸಿಕೊಂಡರು.

ಅಂಪಾರೊ ಅವರಿಂದ ಆಹ್ವಾನ ಬಂತು: ಕಾರ್ಯದರ್ಶಿಗಳಿಗೆ ಹೃತ್ಪೂರ್ವಕ ವಂದನೆಗಳು. ಈ ಸಂಸ್ಥೆಯ ಸಮಾವೇಶದಲ್ಲಿ ಊಟವೇ ಮುಖ್ಯ ಕಾರ್ಯಕ್ರಮವೆಂದು ನಾವು ಕಂಡುಕೊಂಡಿರುವುದರಿಂದ ಆಹಾರ ವಿಭಾಗದ ಮುಖ್ಯಸ್ಥೆ ಶ್ರೀಮತಿ ಶೋಭಾ ಅವರನ್ನೂ, ಅಧ್ಯಕ್ಷರನ್ನೂ ಆಹ್ವಾನಿಸುತ್ತಿದ್ದೇವೆ. ನಾನು ಮೂರು ಸಲ ಓದಿದೆ. ಎಷ್ಟು ಓದಿದರೂ ಇಬ್ಬರು ಇಬ್ಬರೇ. ಆಮೇಲೆ ಒಂದು ಆಸೆ ಮೂಡಿತು: ಪಾಟೀಲರಿಗೆ ಬಿಡುವೆಲ್ಲಿ? ಫೋನು ಮಾಡಿದೆ.

"ಅಯ್ಯ, ನನಗ ಆಸ್ಪತ್ರಿ ಬಿಟ್ಟು ಬರಾಕ ಆಗೂದಿಲ್ರೀ" ಎಂದರು. ನನ್ನ ಎದೆ ಅರಳಿತು. "ಅದಕ್ಕ ನಮ್ಮ ಸರೋಜಾನ ಕಳಸ್ತೀನಿ. ಹೆಣಮಕ್ಕಳಿಗೆ ಜೋಡಿ ಆಗ್ತದ."

"ಸರ್, ಸಂಪ್ರದಾಯದ ಪ್ರಕಾರ ಕಾರ್ಯದರ್ಶಿ..."

"ನೀವು ಇಲ್ಲೇ ಇರ್ರಿ. ಜೂಮ್ ಹಚ್ಚಿ ಕೊಡಾವ್ರು ಯಾರು ಮತ್ತ?"

ಹೀಗೆ ಶೋಭಾಳನ್ನೂ ಪಾಟೀಲರ ಹೆಂಡತಿ ಸರೋಜಕ್ಕನನ್ನೂ ಏರ್‌ಪೋರ್ಟಿಗೆ ನಾನೇ ಡ್ರಾಪ್ ಮಾಡಿದೆ. ಹೊರಡುವಾಗ ಶೋಭಾ ಕಾರಿನ ಕಿಟಕಿಯೊಳಗೆ ಬಗ್ಗಿ, "ಬೇಜಾರಾಯ್ತಾ?" ಎಂದಳು. "ಛೆ, ಛೆ" ಎಂದೆ. ಬೇಜಾರಾಗಿತ್ತು, ಅಳು ಬರುವಷ್ಟು. ಆದರೆ ಒಳಗೆ ಹೋಗುವಾಗ ಅವಳ ನಡಿಗೆಯಲ್ಲಿ ನಾನು ಎಷ್ಟೋ ವರ್ಷದಿಂದ ಕಾಣದ ಒಂದು ಕುಣಿತವಿತ್ತು, ಅದನ್ನು ನೋಡಿ ಖುಷಿಯೂ ಆಯಿತು. ಆ ವಾರವೆಲ್ಲ ನಾನೂ ಅನನ್ಯಾಳೂ ಫ್ರೋಜನ್ ಪರಾಠ ತಿಂದೆವು. ಶೋಭಾ ಸಮುದ್ರದಂಡೆಯಿಂದ ವೀಡಿಯೋ ಕಾಲ್ ಮಾಡಿ, "ರೀ, ನೀರು ನೀರೇ ಅಂತಿದ್ರಲ್ಲ, ನೋಡಿ ಇಲ್ಲಿ" ಎಂದು ಫೋನು ತಿರುಗಿಸಿದಳು. ನಾನು ನೋಡಿದೆ. ಬೇರೆಯೇ ನೀಲಿ.

ಅವರು ಬಂದ ಮೇಲೆ ಪಾಟೀಲರ ಬೇಸ್‌ಮೆಂಟಿನಲ್ಲಿ ವರದಿ. ಶೋಭಾ ಹೇಳಿದಳು: ನದಿಯನ್ನೇ ಬೇರೆ ಕಡೆ ತಿರುಗಿಸಿ, ಅದರ ಪಾತ್ರದ ತುಂಬ ತೋಟ ಮಾಡಿದ್ದಾರೆ, ವಾಕಿಂಗಿಗೆ ಸೊಗಸು, ಮಾರ್ಕೆಟ್ಟಿನಲ್ಲಿ ಬದನೆಕಾಯಿ ಚೆನ್ನಾಗಿದೆ, ರಾತ್ರಿ ಹತ್ತಕ್ಕೆ ಮುಂಚೆ ಯಾರೂ ಊಟಕ್ಕೆ ಏಳುವುದಿಲ್ಲ, ನಮ್ಮವರಿಗೆ ಹೇಳಿ ಮಾಡಿಸಿದ ಊರು. ಪಾಟೀಲರು ತಡೆಯಲಾರದೆ, "ಅದೆಲ್ಲ ಇರ್ಲಿವಾ, ದೀಪದ್ದೇನಾತು?" ಎಂದರು. ಶೋಭಾ ಸರೋಜಕ್ಕನ ಮುಖ ನೋಡಿದಳು. "ಬೀದೀಲಿ ಏನು ಬೇಕಾದ್ರೂ ಸುಡಬಹುದಂತೆ ಸರ್. ಸಭಾಂಗಣದೊಳಗೆ ಮಾತ್ರ ಬೆಂಕಿ ಹಚ್ಚೋ ಹಾಗಿಲ್ವಂತೆ. ಸೆನ್ಸರ್ ಇದೆ."

ಬೇಸ್‌ಮೆಂಟಿನಲ್ಲಿ ನಿಟ್ಟುಸಿರು. ಅಲ್ಲಿಗೆ ವಲೆನ್ಸಿಯಾ ಬಿದ್ದುಹೋಯಿತು. ಸ್ಕೂಲಿಗೇ ಮತ್ತೆ ಬುಕಿಂಗ್ ಎಂದು ತೀರ್ಮಾನವಾಯಿತು. ಕಥೆ ಮುಗಿಯಿತು, ಇನ್ನು ಸ್ವಂತ ದುಡ್ಡಿನಲ್ಲೇ ಶೋಭಾಳ ಜೊತೆ ಹೋಗಿಬರೋಣ ಎಂದು ನಾನು ಮನಸ್ಸಿನಲ್ಲೇ ರಜೆ ಲೆಕ್ಕ ಹಾಕತೊಡಗಿದೆ. ಅಷ್ಟರಲ್ಲಿ ಸರೋಜಕ್ಕ ಕೈಚೀಲದಿಂದ ಫೋನು ತೆಗೆದು, ಅಂಪಾರೊ ತಮ್ಮ ಸ್ನೇಹಿತೆಗೆ ನಮ್ಮ ವಿಷಯ ಹೇಳಿದ್ದಾರೆಂದೂ, ಆ ಸ್ನೇಹಿತೆ ಇಟಲಿಯ ಸಮುದ್ರತೀರದ ಜಿನೋವಾದವರೆಂದೂ, ಅವರೂ ಇಬ್ಬರನ್ನು ಕರೆದಿದ್ದಾರೆಂದೂ ಓದಿದರು.

"ಒಂದ ಊರು ನೋಡಿ ಬ್ಯಾಡ ಅನ್ನೂದು ಸರಿ ಅಲ್ಲ" ಎಂದರು ಪಾಟೀಲರು. ಹೆಂಡತಿ ಊರಲ್ಲಿಲ್ಲದ ಆ ವಾರ ಅವರು ಬಹಳ ನೆಮ್ಮದಿಯಾಗಿದ್ದರೆಂದು ನನಗೆ ಆಗ ಹೊಳೆಯಿತು. "ಪರಿಶೀಲನಾ ಸಮಿತಿಗೆ ಅನುಭವ ಬಂದದ. ಅವರನ್ನ ಕಳಸೋಣು. ನಾ ಸೂಚಿಸ್ತೀನಿ. ಅನುಮೋದನೆ ಯಾರು?"

ಎಲ್ಲರೂ ನನ್ನ ಕಡೆ ತಿರುಗಿದರು. ಬಿಸಿಲಿಗೆ ಕಂದಿ ಕೆಂಪಗಾಗಿದ್ದ ಶೋಭಾ ನನ್ನನ್ನೇ ನೋಡುತ್ತಿದ್ದಳು. ಬೈಯುವ ನೋಟವಲ್ಲ, ಮರ್ಟಲ್ ಬೀಚಿನ ಮೌನವೂ ಅಲ್ಲ. "ರೀ," ಎಂದಳು ಮೆಲ್ಲಗೆ, "ಕೈ ಎತ್ತಿ."

ಎತ್ತಿದೆ. ನಡಾವಳಿ ಬರೆಯುವ ಕೆಲಸವೂ ನನ್ನದೇ ಆದ್ದರಿಂದ "ಕಾರ್ಯದರ್ಶಿಗಳು ಅನುಮೋದಿಸಿದರು" ಎಂದು ಬರೆದು, ಪಕ್ಕದಲ್ಲಿ "ಅತ್ಯಂತ ಸಂತೋಷದಿಂದ" ಎಂದು ಸೇರಿಸಿದೆ. ಅದನ್ನು ಯಾರೂ ಸೂಚಿಸಿರಲಿಲ್ಲ.