ನ್ಯಾಮತಿ ವಾಚನಾಲಯದ ವೈಫೈ ಪೆಟ್ಟಿಗೆಯವರಿಗೆ, ಒಂದು ಟವೆಲ್ ವಿಚಾರವಾಗಿ

ಮಾನ್ಯ ವೈಫೈ ಪೆಟ್ಟಿಗೆಯವರೇ,

ನ್ಯಾಮತಿ ವಾಚನಾಲಯದ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂರುವ ಮೇಲ್ವಿಚಾರಕ ರುದ್ರಮುನಿಯಾದ ನಾನು, ತಮ್ಮ ಮೂರೂ ಹಸಿರು ದೀಪಗಳಿಗೆ ಪ್ರತ್ಯೇಕವಾಗಿ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ಕ್ಯಾಮೆರಾ ಇಲ್ಲದೆ, ಬರೀ ಗಾಳಿಯಲ್ಲಿ ತರಂಗ ಹರಿಸಿ ಒಳಗೆ ಜನ ಇದ್ದಾರೋ ಇಲ್ಲವೋ ಎಂದು ತಿಳಿಯುವ, ಇಲ್ಲವೆನಿಸಿದರೆ ಲೈಟು ಫ್ಯಾನು ಆರಿಸಿ ವಾಚನಾಲಯ ನಡೆಸುವ ಟ್ರಸ್ಟಿಗೆ ವರದಿ ಕಳಿಸುವ ತಮ್ಮ ವಿದ್ಯೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ತೊಂದರೆ ಒಂದೇ. ತಾವು ಅಲ್ಲಾಡುವವರನ್ನು ಮಾತ್ರ ಮನುಷ್ಯರೆಂದು ಒಪ್ಪುತ್ತೀರಿ, ಇಲ್ಲಿಗೆ ಬರುವವರು ಅಲ್ಲಾಡದೆ ಓದುತ್ತಾರೆ. ಗೋವಿನಕೋವಿಯಿಂದ ಬಸ್ಸಿನಲ್ಲಿ ಬರುವ ಗಂಗೋತ್ರಿ ಪಿಡಿಒ ಪರೀಕ್ಷೆಗೆ ಓದಲು ಕೂತರೆ ಊಟದ ಹೊತ್ತಿನವರೆಗೆ ತಲೆ ಎತ್ತುವುದಿಲ್ಲ. ಮನೆಯಲ್ಲಿರುವುದು ಒಂದೇ ಕೋಣೆ, ಅದರಲ್ಲಿ ಟಿವಿಯೂ ಇದೆ. ಪುಟ ತಿರುವುವ ಅವಳ ಎರಡು ಬೆರಳು ತಮಗೆ ಲೆಕ್ಕಕ್ಕಿಲ್ಲ. ಹತ್ತು ನಿಮಿಷಕ್ಕೊಮ್ಮೆ ತಾವು ಲೈಟು ಆರಿಸುವುದು, ಅವಳು ಕೈ ಬೀಸುವುದು. “ಓದಾಕೆ ಬಂದೀನೋ, ಕೈ ಬೀಸಾಕೆ ಬಂದೀನೋ ಗೊತ್ತಾಗ್ತಿಲ್ಲ ರೀ” ಅಂದಳು. ಮೂರು ತಿಂಗಳು ‘ಕೋಣೆ ಖಾಲಿ’ ಎಂಬ ತಮ್ಮ ವರದಿ ನೋಡಿದ ಟ್ರಸ್ಟಿನ ಕಾರ್ಯದರ್ಶಿಯವರು ವಾಚನಾಲಯ ಮುಚ್ಚುವುದಾಗಿ ನೋಟಿಸು ಕಳಿಸಿದರು. ಅದನ್ನು ಗಂಗೋತ್ರಿಗೆ ತೋರಿಸಲು ನನಗೆ ಮನಸ್ಸಾಗಲಿಲ್ಲ.

ಆಗ ಕೈ ಹಿಡಿದದ್ದು ಒಂದು ಟವೆಲ್. ಬಸ್ಸಿನ ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಜನ ವಾಚನಾಲಯದಲ್ಲೂ ಅದನ್ನೇ ಮಾಡುತ್ತಾರೆ. ಚಹಾಕ್ಕೆ ಹೊರಟ ಮರುಳಸಿದ್ದಪ್ಪನವರು ಫ್ಯಾನಿನ ಕೆಳಗಿನ ಕುರ್ಚಿಗೆ ಟವೆಲ್ ಹಾಕಿ, ಮರೆತು ಮನೆಗೇ ಹೋದರು. ಅದು ಪಟಪಟ ಆಡಿದ್ದನ್ನು ಕಂಡು ತಾವು ಇಡೀ ದಿನ ಲೈಟು ಫ್ಯಾನು ಆರಿಸಲಿಲ್ಲ. ಅಂದಿನಿಂದ ಅದನ್ನು ನಾನು ಕದಲಿಸಿಲ್ಲ. ಈಗ ತಮ್ಮ ವರದಿಯ ಪ್ರಕಾರ, ನಾನೇ ಬೀಗ ಹಾಕುವ ಭಾನುವಾರವೂ ಸೇರಿದಂತೆ, ಓದುಗರ ಉತ್ಸಾಹಕ್ಕೆ ಕೊನೆಯಿಲ್ಲ. ಟ್ರಸ್ಟಿನವರು ಸಂತೋಷಪಟ್ಟು ನೋಟಿಸು ತಡೆಹಿಡಿದಿದ್ದಾರೆ.

ಆದರೆ ಮರುಳಸಿದ್ದಪ್ಪನವರು ಟವೆಲ್ ವಾಪಸು ಕೇಳುತ್ತಿದ್ದಾರೆ. ಆದ್ದರಿಂದ ತಾವು ಗಂಗೋತ್ರಿಯ ಉಸಿರಾಟವನ್ನಾದರೂ ಒಂದು ಚಲನೆಯೆಂದು ಪರಿಗಣಿಸಬೇಕಾಗಿ ಕೋರುತ್ತೇನೆ. ಅದು ಆಗದಿದ್ದರೆ ಪಿಡಿಒ ಪರೀಕ್ಷೆಗೆ ಟವೆಲ್ಲಿನ ಹೆಸರಿನಲ್ಲೇ ಹಾಲ್ ಟಿಕೆಟ್ ಕೊಡಿಸಿ. ಅದರ ಹಾಜರಾತಿ ಅವಳದಕ್ಕಿಂತ ಚೆನ್ನಾಗಿದೆ.

ತಮ್ಮ ವಿಶ್ವಾಸಿ,
ಈ ಪತ್ರ ಬರೆಯುವಾಗಲೂ ಕಾಲು ಅಲ್ಲಾಡಿಸುತ್ತಿರುವ
ರುದ್ರಮುನಿ

ವಿ.ಸೂ.: ನೋಟಿಸಿನ ಬಗ್ಗೆ ವಿನಂತಿಸಲು ಕಾರ್ಯದರ್ಶಿಯವರ ಹೊನ್ನಾಳಿ ಕಚೇರಿಗೆ ಐದು ಸಲ ಹೋದೆ, ಐದು ಸಲವೂ ಅವರು ಸಿಗಲಿಲ್ಲ. ಅಲ್ಲಿನ ಗೋಡೆಯಲ್ಲಿರುವ ತಮ್ಮ ಸಹೋದರರ ವರದಿಯಲ್ಲಿ ಮಾತ್ರ ಅವರು ಒಂದು ದಿನವೂ ಗೈರುಹಾಜರಾಗಿಲ್ಲ. ಅವರ ಕುರ್ಚಿಯ ಮೇಲೂ ಒಂದು ಟವೆಲ್ ಪಟಪಟ ಆಡುತ್ತಿತ್ತು.